ಮೂರು ಊರಿನ ರಕ್ತ ತರಲು ಹೋದದ್ದು

ಬೆಳಗಾವಿ ಬಿಟ್ಟಾಗ ಬೆಳಗಿನ ಐದೂಕಾಲು ಗಂಟೆ. ಜೀಪಿನ ಹಿಂಭಾಗದಲ್ಲಿ ಮೂರು ದೊಡ್ಡ ಥರ್ಮಾಕೋಲ್ ಪೆಟ್ಟಿಗೆ, ಅವುಗಳಲ್ಲಿ ನಲವತ್ತು ಕಿಲೋ ಡ್ರೈ ಐಸ್. ಮುಂದೆ ಚಾಲಕ ಅಡಿವೆಪ್ಪ ಮತ್ತು ನಾನು. ಜೀಪಿಗೆ ದಿನಕ್ಕೆ ಎರಡೂವರೆ ಸಾವಿರ ಬಾಡಿಗೆ, ಡೀಸೆಲ್ ಬೇರೆ. ಡ್ರೈ ಐಸ್ ನೀರಾಗುವುದಿಲ್ಲ, ಹೊಗೆಯಾಗಿ ಹೋಗುತ್ತದೆ. ಆ ಹೊಗೆ ಮುಚ್ಚಿದ ಗಾಡಿಯಲ್ಲಿ ತುಂಬಿಕೊಂಡರೆ ಉಸಿರು ಕಟ್ಟುತ್ತದೆ. ಅದಕ್ಕೆ ಎರಡು ದಿನವೂ ಕಿಟಕಿ ಇಳಿಸಿಯೇ ಹೋಗಬೇಕು ಎಂದು ಅಡಿವೆಪ್ಪನಿಗೆ ಹೇಳಿದೆ.

"ಅಂದ್ರ ಎರಡ ದಿನ ಧೂಳಿ ತಿನ್ನೂದ ಆತಲ್ರಿ ಬಾಯಾರ," ಎಂದ. ಹೌದು ಎಂದೆ. ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ಗಾಡಿ ಬಿಟ್ಟ. ದಸರಾ ಮುಗಿದು ಹತ್ತು ದಿನವಾಗಿತ್ತು. ನಸುಕಿನ ಗಾಳಿ ಕಿವಿಯನ್ನು ಕೊರೆಯುತ್ತಿತ್ತು.

ನಾನು ಊಟ ಮತ್ತು ಮುಪ್ಪಿನ ಕುರಿತಾದ ಒಂದು ಸಂಶೋಧನೆಯಲ್ಲಿ ರಕ್ತ ತೆಗೆಯುವ ಕೆಲಸದವಳು. ವಯಸ್ಸು ಐವತ್ತೆಂಟು. ಎಂಟು ವರ್ಷ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿ ತಿರುಗಿ ಎರಡೂ ಮೊಣಕಾಲು ಸವೆಸಿಕೊಂಡಿದ್ದೇನೆ. ಅರವತ್ತು ದಾಟಿದವರು ಏನು ಉಣ್ಣುತ್ತಾರೆ, ಅದಕ್ಕೆ ತಕ್ಕಂತೆ ಅವರ ಮೈ ಹೇಗೆ ಮುದಿಯಾಗುತ್ತದೆ ಎಂದು ನೋಡುವುದು ಈ ಕೆಲಸ. ಆರು ವರ್ಷದ ಹಿಂದೆ ಒಮ್ಮೆ ರಕ್ತ ತೆಗೆದೆವು, ಹೋದ ವರ್ಷ ಅದೇ ಜನರಿಂದ ಇನ್ನೊಮ್ಮೆ. ಎರಡನ್ನೂ ಜೋಡಿಯಾಗಿ ಇಟ್ಟು ನೋಡಿದರೆ ಮಾತ್ರ ಬೆಲೆ. ಒಂದು ಕೆಟ್ಟರೆ ಇನ್ನೊಂದೂ ಕೆಟ್ಟಂತೆ. ಎತ್ತಿನ ಜೋಡಿಯಲ್ಲಿ ಒಂದು ಸತ್ತರೆ ಇನ್ನೊಂದನ್ನು ಕಟ್ಟಿಕೊಂಡು ಏನು ಉಳುವುದು?

ತೆಗೆದ ರಕ್ತದಿಂದ ಹಳದಿ ತಿಳಿಯನ್ನು ಬೇರೆ ಮಾಡಿ, ಬೆರಳುದ್ದದ ಪ್ಲಾಸ್ಟಿಕ್ ನಳಿಕೆಗಳಲ್ಲಿ ಹಾಕಿ, ಮೂರು ಊರಿನ ಮೂರು ಫ್ರೀಜರುಗಳಲ್ಲಿ ಇಟ್ಟಿದ್ದೆವು. ಮೈನಸ್ ಎಂಬತ್ತು ಡಿಗ್ರಿ. ಒಮ್ಮೆ ಕರಗಿದರೆ ಮತ್ತೆ ಹೆಪ್ಪುಗಟ್ಟಿಸಿ ಉಪಯೋಗವಿಲ್ಲ. ಒಡೆದ ಹಾಲನ್ನು ಫ್ರಿಜ್ಜಿನಲ್ಲಿಟ್ಟಂತೆ. ಈಗ ಯೋಜನೆ ಮುಗಿದಿದೆ, ಊರೂರಿನ ಕೋಣೆಗಳ ಬಾಡಿಗೆಯೂ ನಿಂತಿದೆ. ಎಲ್ಲವನ್ನೂ ಬೆಳಗಾವಿಯ ಒಂದೇ ದೊಡ್ಡ ಫ್ರೀಜರಿಗೆ ತಂದು ಹಾಕಬೇಕು. ಅದನ್ನು ಹಾಕಿದ ದಿನ ನನ್ನ ನೌಕರಿಯೂ ಮುಗಿಯುತ್ತದೆ.

ಎಂಟು ವರ್ಷದಲ್ಲಿ ನಮಗೆ ಕಂಡದ್ದು ಒಂದೇ ಒಂದು ವಿಷಯ. ಹುಕ್ಕೇರಿ ಕಡೆಯವರ ರಕ್ತ ಅವರ ವಯಸ್ಸಿಗಿಂತ ಮುದಿಯಾಗಿ ಕಾಣುತ್ತಿತ್ತು. ಪ್ರತಿ ಚಳಿಗಾಲ ಕೆಲವು ನಳಿಕೆಗಳನ್ನು ಪರೀಕ್ಷೆಗೆ ಕಳಿಸುತ್ತಿದ್ದೆವು. ಪ್ರತಿ ಸಲವೂ ಅದೇ ಉತ್ತರ. ಯೋಜನೆಯ ಮುಖ್ಯಸ್ಥರಾದ ನಮ್ಮ ಸರ್ ಇದನ್ನು ಹಿಡಿದುಕೊಂಡು ಹಿಗ್ಗಿದರು. ಆ ಕಡೆ ಗಾಣದ ಬೆಲ್ಲ ಹೆಚ್ಚು, ತುಪ್ಪ ಹೆಚ್ಚು, ಕರಿದದ್ದು ಹೆಚ್ಚು ಎಂದು ಲೆಕ್ಕ ಹಾಕಿದರು. ಎರಡು ವರ್ಷದ ಹಿಂದೆ ಹುಕ್ಕೇರಿ ಪಟ್ಟಿಯ ಒಂದೊಂದು ಮನೆಗೂ ನಾನೇ ಹೋಗಿ, ಬೆಲ್ಲ ಬಿಡಿ, ತುಪ್ಪ ಬಿಡಿ ಎಂದು ಹೇಳಿ ಬಂದೆ. ಕೇಳಿದರು ಪಾಪ. ಹಾಗಾಗಿ ಈ ಪ್ರಯಾಣದಲ್ಲಿ ನನ್ನ ಜೀವವೆಲ್ಲ ಹುಕ್ಕೇರಿಯ ಪೆಟ್ಟಿಗೆಯ ಮೇಲಿತ್ತು. ಅದೊಂದು ತಣ್ಣಗೆ ತಲುಪಿದರೆ ಎಂಟು ವರ್ಷ ಸುಮ್ಮನೆ ಅಲೆಯಲಿಲ್ಲ ಎಂದು ಮಲಗಬಹುದಿತ್ತು.

ಮೊದಲು ಗೋಕಾಕ ತಾಲೂಕಿನ ಮಮದಾಪುರಕ್ಕೆ ಹೋದೆವು. ಅಲ್ಲಿ ಸಿದ್ದಪ್ಪಜ್ಜನೆಂಬ ಕುರುಬರ ಮುದುಕ. ಹೋದ ವರ್ಷ ಎರಡನೇ ಸಲ ರಕ್ತ ತೆಗೆಯುವಾಗ ಕುರಿ ಹೊಡೆದುಕೊಂಡು ಎಲ್ಲಿಗೋ ಹೋಗಿದ್ದ. ಈಗ ಊರಲ್ಲಿದ್ದಾನೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಳಿತಿರುತ್ತಾನೆ ಎಂದು ಅವನ ಮೊಮ್ಮಗಳು ಫೋನಿನಲ್ಲಿ ಹೇಳಿದ್ದಳು. ನಾವು ತಲುಪಿದಾಗ ಎಂಟು ಗಂಟೆ. ಅಜ್ಜ ದೊಡ್ಡಿಯ ಬಾಗಿಲಲ್ಲೇ ಕಂಬಳಿ ಹೊದ್ದು ಕುಳಿತಿದ್ದ. ನಾನು ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಬಿಳಿ ಹೊಗೆ ಎದ್ದಿತು. ಎಮ್ಮೆಗಳಿಗೆ ಗರ್ಭ ಕಟ್ಟಿಸುವ ಡಾಕ್ಟರ ಕ್ಯಾನಿನಿಂದಲೂ ಇಂಥದೇ ಹೊಗೆ ಬರುತ್ತದೆ.

"ನಮ್ಮ ಎಮ್ಮಿ ಇನ್ನಾ ಬೆದಿಗೆ ಬಂದಿಲ್ರಿ ಬಾಯಾರ," ಎಂದ ಅಜ್ಜ.

"ಎಮ್ಮಿಗಲ್ಲ ಅಜ್ಜಾ, ನಿಮಗ ಸೂಜಿ. ಏನೂ ತಿಂದಿಲ್ಲ ಹೌದಿಲ್ಲೋ?"

"ನಿನ್ನಿ ಸಂಜೀಮುಂದ ಉಂಡದ್ದು. ದೇವರಾಣಿ, ಒಂದ ತುತ್ತ ಮುಟ್ಟಿಲ್ಲ."

"ಚಾ?"

"ಚಾ ಕುಡದೇನಿ. ಚಾ ಏನ ಊಟಾ ಏನ್ರಿ?"

"ಎಷ್ಟ ಕಪ್ಪ?"

"ಎರಡ. ನೀವು ಬರೂದ ತಡಾ ಆತಂತ ಮ್ಯಾಲ ಇನ್ನೊಂದ," ಎಂದ. ಸಕ್ಕರೆ ಹಾಕಿದ್ದರೇ ಎಂದು ಕೇಳಿದೆ. ಸಕ್ಕರೆ ಇಲ್ಲದ ಚಹಾ ಯಾರು ಕುಡಿಯುತ್ತಾರೆ ಎಂಬಂತೆ ನನ್ನ ಮುಖ ನೋಡಿದ. ಸಿರಿಂಜನ್ನು ಚೀಲಕ್ಕೆ ಹಾಕಿದೆ. ಆರು ವರ್ಷದ ಹಿಂದೆ ಅವನು ಕೊಟ್ಟ ರಕ್ತ ಅಲ್ಲಿಗೆ ಒಂಟಿಯಾಯಿತು. ನಾಳೆ ಬನ್ನಿ, ಚಹಾ ಕುಡಿಯುವುದಿಲ್ಲ ಎಂದ. ನಾಳೆ ಬರಲು ನಲವತ್ತು ಕಿಲೋ ಮಂಜು ಕಾಯುವುದಿಲ್ಲ ಎಂದು ಹೇಳಲು ಬೇಸರವಾಗಿ, ಆಗಲಿ ಎಂದೆ. ಅವನ ಸೊಸೆ ನಮಗೂ ಚಹಾ ಕೊಟ್ಟಳು. ಕುಡಿದು ಬಂದೆವು.

ಗೋಕಾಕದಲ್ಲಿ ನಮ್ಮ ಫ್ರೀಜರ್ ಇದ್ದದ್ದು ಸುಭದ್ರಾಬಾಯಿ ಎಂಬವರ ಮನೆಯ ಹಿಂದಿನ ಕೋಣೆಯಲ್ಲಿ. ಒಳಗೆ ಮೈನಸ್ ಎಂಬತ್ತು ಡಿಗ್ರಿ ಚಳಿಯಿದ್ದರೂ ಅದರ ಬೆನ್ನಿನಿಂದ ಸದಾ ಬಿಸಿಗಾಳಿ ಹೊರಡುತ್ತದೆ. ಆ ಬಿಸಿಗಾಳಿಗೆ ಎದುರಾಗಿ ಬಾಯಿಯವರು ಹಗ್ಗ ಕಟ್ಟಿ, ಮೊರ ತೂಗುಹಾಕಿ, ಆರು ಮಳೆಗಾಲ ಸಂಡಿಗೆ ಒಣಗಿಸಿದ್ದಾರೆ. ನನಗೆ ಇದು ಗೊತ್ತಿತ್ತು. ಮೇಲಿನವರಿಗೆ ಹೇಳಿರಲಿಲ್ಲ. ಸಂಡಿಗೆ ಚೆನ್ನಾಗಿರುತ್ತಿತ್ತು, ನನಗೂ ಪಾಲು ಬರುತ್ತಿತ್ತು.

"ಇದನ್ನ ಒಯ್ದ್ರ ನಾ ಮುಂದಿನ ಮಳಿಗಾಲ ಏನ ಮಾಡ್ಲಿ?" ಎಂದು ಸುಭದ್ರಾಬಾಯಿ ಸೊಂಟಕ್ಕೆ ಕೈಕೊಟ್ಟು ನಿಂತರು.

"ನಳಿಕಿ ಅಷ್ಟ ಒಯ್ತೇನ್ರಿ. ಪೆಟಗಿ ಆಮ್ಯಾಲ ಯಾರರೆ ಬಂದ ಒಯ್ತಾರ."

"ತಡಾ ಮಾಡಿ ಬರ್ರಿ ಅಂತ ಹೇಳ್ರಿ ಅವರಿಗೆ," ಎಂದರು.

ನಳಿಕೆಗಳ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಡ್ರೈ ಐಸಿನಲ್ಲಿ ಹೂಳುವ ಹೊತ್ತಿಗೆ ಮಧ್ಯಾಹ್ನವಾಯಿತು. ದಪ್ಪ ಕೈಗವಸು ಹಾಕಿದರೂ ಬೆರಳು ಜೋಮು ಹಿಡಿಯಿತು. ಪ್ರತಿ ನಳಿಕೆಯಲ್ಲೂ ತಿಳಿ ತಳದಲ್ಲಿ ಮಟ್ಟಸವಾಗಿ, ಬಟ್ಟಲಿನಲ್ಲಿ ಮೊಸರು ಹೆಪ್ಪಾದ ಹಾಗೆ ಗಡ್ಡೆಯಾಗಿತ್ತು. ಅಡಿವೆಪ್ಪ ಪೇಟೆಗೆ ಹೋಗಿ ಮನೆಗೆಂದು ಕರದಂಟು ತಂದ. ನನಗೆ ಹಲ್ಲು ನೋವು, ಬೇಡ ಎಂದೆ.

ಗೋಕಾಕದಿಂದ ಮೂಡಲಗಿಗೆ ಸುಮಾರು ಮೂವತ್ತು ಕಿಲೋಮೀಟರ್. ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ರಸ್ತೆಯ ಅರ್ಧದಷ್ಟು ಅಗಲಕ್ಕೆ ಗೋವಿನಜೋಳ ಒಣಗಲು ಹಾಕಿದ್ದರು. ಅಂಚಿಗೆ ಕಲ್ಲು ಇಟ್ಟು, ಕಲ್ಲಿನ ಹಿಂದೆ ಮನುಷ್ಯರೂ ಕುಳಿತಿದ್ದರು. ಉಳಿದ ಅರ್ಧದಲ್ಲಿ ಎರಡೂ ಕಡೆಯ ವಾಹನಗಳು ಗುದ್ದಾಡಬೇಕು. ಒಂದು ಕಡೆ ಅಡಿವೆಪ್ಪ ಚಕ್ರವನ್ನು ತುಸು ಕಾಳಿನ ಮೇಲೆ ಹಾಯಿಸಿದ್ದಕ್ಕೆ ಒಬ್ಬ ಹೆಂಗಸು ಪೊರಕೆ ಎತ್ತಿಕೊಂಡು ಓಡಿ ಬಂದಳು. ಅವಳ ಬೈಗುಳ ಕೇಳಿಸದಂತೆ ಕಿಟಕಿ ಏರಿಸಲು ನಮಗೆ ಅವಕಾಶವಿರಲಿಲ್ಲ.

ಮೂಡಲಗಿಗೆ ಹೋದಾಗ ಕರೆಂಟು ಹೋಗಿತ್ತು. ಕರೆಂಟು ಇಲ್ಲದಾಗ ಫ್ರೀಜರ್ ಬಾಗಿಲು ತೆಗೆಯಬಾರದೆಂಬುದು ನಿಯಮ. ಆ ಫ್ರೀಜರ್ ನೋಡಿಕೊಳ್ಳುತ್ತಿದ್ದ ನರ್ಸ್ ಒಬ್ಬರ ಮನೆಯಲ್ಲೇ ಉಳಿದೆವು. ಸಂಜೆ ಹಿತ್ತಲಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಅವರು ಕೇಳಿದರು, "ಇದು ಮುಗದ ಮ್ಯಾಲ ಏನ ಮಾಡ್ತೀರಿ ಅಕ್ಕಾರ?"

"ಮಲಗತೇನಿ," ಎಂದೆ.

"ಆಮ್ಯಾಲ?"

"ಇನ್ನೊಂದ ಮಗ್ಗಲಿಗೆ ಹೊಳ್ಳಿ ಮಲಗತೇನಿ."

ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಎರಡನೆಯ ದಿನ ಬೆಳಗಿನ ಆರಕ್ಕೆ ಕರೆಂಟು ಬಂತು. ಒಂಬತ್ತೂವರೆಗೆ ಮೂಡಲಗಿಯ ಪೆಟ್ಟಿಗೆ ತುಂಬಿತು. ಎಲ್ಲ ನಳಿಕೆಗಳೂ ಸರಿಯಾಗಿದ್ದವು. ಡ್ರೈ ಐಸ್ ಮಾತ್ರ ಅಂದುಕೊಂಡಿದ್ದಕ್ಕಿಂತ ಬೇಗ ಇಳಿದಿತ್ತು. ಬಂದ ದಾರಿಯಲ್ಲೇ ಗೋಕಾಕಕ್ಕೆ ವಾಪಸಾಗಿ, ಘಟಪ್ರಭಾ ದಾಟಿ ಹುಕ್ಕೇರಿಗೆ ಹೋಗಬೇಕು. ಅರವತ್ತು ಕಿಲೋಮೀಟರಿನ ಹತ್ತಿರ. ಅಡಿವೆಪ್ಪನಿಗೆ ಬೇಗ ಹೊಡೆ ಎಂದೆ. ಬೇಗ ಹೊಡೆದ. ಧುಪದಾಳದ ಹತ್ತಿರ ಟಯರ್ ಪಂಕ್ಚರ್ ಆಯಿತು. ಜ್ಯಾಕ್ ಇತ್ತು, ಹೆಚ್ಚುವರಿ ಟಯರಿನಲ್ಲಿ ಗಾಳಿ ಇರಲಿಲ್ಲ. ಅದನ್ನು ಯಾರದೋ ಬೈಕಿನ ಹಿಂದೆ ಇಟ್ಟುಕೊಂಡು ಅಡಿವೆಪ್ಪ ಹೋದ.

ಒಂದೂವರೆ ಗಂಟೆ ಅಲ್ಲೇ ಕುಳಿತೆ. ಮುಂದೆ ಒಡ್ಡಿನ ಮೇಲಿಂದ ನೀರು ಸುರಿಯುತ್ತಿತ್ತು. ಬೇರೆ ದಿನವಾಗಿದ್ದರೆ ನೋಡುತ್ತಿದ್ದೆ. ಅವತ್ತು ಬರೀ ಪೆಟ್ಟಿಗೆ ನೋಡಿದೆ. ಬಿಸಿಲು ಬಂದ ಕಡೆಯಿಂದ ನೆರಳಿಗೆ ಎಳೆದೆ, ನೆರಳು ಸರಿದ ಹಾಗೆ ಮತ್ತೆ ಎಳೆದೆ. ಮುಚ್ಚಳ ಎತ್ತಿ ನೋಡಿದರೆ ಹನ್ನೆರಡು ಕಿಲೋ ಉಳಿದಿರಬಹುದು ಅನ್ನಿಸಿತು. ಮೂರು ಪೆಟ್ಟಿಗೆಗೆ ಹಂಚಿದರೆ ಸಂಜೆಯೊಳಗೆ ಬೆಳಗಾವಿ ಮುಟ್ಟಲೇಬೇಕು. ನನ್ನ ಪುಣ್ಯಕ್ಕೆ ಅಷ್ಟರಲ್ಲಿ ಅಡಿವೆಪ್ಪ ಬಂದ.

ಹುಕ್ಕೇರಿ ತಲುಪಿದಾಗ ಒಂದು ಗಂಟೆ. ಅಲ್ಲಿನ ಫ್ರೀಜರನ್ನು ದುಂಡಪ್ಪ ಕಾಕಾ ನೋಡಿಕೊಳ್ಳುತ್ತಿದ್ದರು. ಎಪ್ಪತ್ತರ ಹತ್ತಿರದ ಮನುಷ್ಯ. ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿ ನಿಂತ ಮೇಲೆ ಅದೇ ಕೋಣೆಯನ್ನು ನಮಗೆ ಬಾಡಿಗೆಗೆ ಕೊಟ್ಟು, ಫ್ರೀಜರಿನ ಕಾವಲನ್ನೂ ವಹಿಸಿಕೊಂಡಿದ್ದರು. ಯಂತ್ರಗಳ ಗುಣ ತಿಳಿದವರು ಎಂದು ನಾನೇ ಆರಿಸಿದ್ದೆ. ದಿನಕ್ಕೆ ಮೂರು ಸಲ ಫ್ರೀಜರಿನ ಡಿಗ್ರಿ ನೋಡಿ, ಗುಂಡಾದ ಅಕ್ಷರಗಳಲ್ಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮೂರು ಊರಿನಲ್ಲಿ ಅಷ್ಟು ಚೊಕ್ಕ ಪುಸ್ತಕ ಇನ್ನೊಂದಿರಲಿಲ್ಲ. ಅವರೂ, ಅವರ ಅಣ್ಣ ಶಿವಪ್ಪನವರೂ ನಮಗೆ ರಕ್ತ ಕೊಟ್ಟವರ ಪಟ್ಟಿಯಲ್ಲಿದ್ದರು. ಶಿವಪ್ಪನವರು ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು.

ಫ್ರೀಜರ್ ಕಡೆ ಹೊರಟವಳನ್ನು ಕಾಕಾ ತಡೆದರು. "ಮದಲ ಊಟಾ, ಆಮ್ಯಾಲ ಕೆಲಸಾ. ವೈನಿ ಆಗಳೇ ಎಡಿ ಮಾಡ್ಯಾರ."

ಹೊತ್ತಿಲ್ಲ ಎಂದೆ. ಅವರ ವೈನಿ, ಎಂದರೆ ಶಿವಪ್ಪನವರ ಹೆಂಡತಿ ಶಾಂತವ್ವ, ಆಗಲೇ ತಾಟು ಇಟ್ಟಿದ್ದರು. ಎಣ್ಣೆಗಾಯಿ, ಬಿಸಿ ರೊಟ್ಟಿ, ನಮಗಿಬ್ಬರಿಗೂ ಮೇಲೆ ತುಪ್ಪ ಹಾಕಿದ ಹೋಳಿಗೆ. ಕಾಕಾನ ತಾಟಿನಲ್ಲಿ ರೊಟ್ಟಿ, ಪಲ್ಯ, ನೀರುಮಜ್ಜಿಗೆ ಅಷ್ಟೆ.

"ನೀವು ಹೋಳಿಗಿ ಹಾಕ್ಕೊಳ್ಳೂದಿಲ್ಲೇನ್ರಿ?" ಎಂದು ಅಡಿವೆಪ್ಪ ಕೇಳಿದ.

"ನಮ್ಮ ರಕ್ತ ಮುದಿ ಆಗೇತಂತಪಾ," ಎಂದರು ಕಾಕಾ, ತುಸು ಹೆಮ್ಮೆಯಿಂದಲೇ. "ಬಾಯಾರ ಹೇಳ್ಯಾರ. ಎರಡ ವರ್ಷ ಆತು, ಬೆಲ್ಲದ ಹಳಕ ಬಾಯಾಗ ಹಾಕಿಲ್ಲ."

ಶಾಂತವ್ವ ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕುತ್ತ, "ಅವರೂ ಕಡೀತನಕ ನೀವು ಹೇಳಿದಂಗ ನಡಕೊಂಡ್ರು ತಂಗಿ," ಎಂದರು. ನನಗೆ ನಿಜವಾಗಿ ಸಂತೋಷವಾಯಿತು. ಹಳ್ಳಿ ಹಳ್ಳಿ ತಿರುಗಿ ಹೇಳಿದ್ದನ್ನು ಇಷ್ಟು ನಿಷ್ಠೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ. ಎರಡು ದಿನದ ಆಯಾಸ ಆ ಊಟದಲ್ಲಿ ತುಸು ಇಳಿಯಿತು.

ಗಿರಣಿಯ ಕೋಣೆಗೆ ಹೋದೆವು. ಫ್ರೀಜರ್ ಥಳಥಳ ಹೊಳೆಯುತ್ತಿತ್ತು. ಮೂರು ಬೆರಳಿನ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂವಿನ ಮಾಲೆ. ಇದರಲ್ಲಿ ವಿಶೇಷವೇನಿಲ್ಲ, ದಸರೆಯ ಖಂಡೇಪೂಜೆಯ ದಿನ, ಎಂದರೆ ಆಯುಧಪೂಜೆಗೆ, ನಮ್ಮ ಕಡೆ ಕುಡುಗೋಲಿನಿಂದ ಹಿಡಿದು ಬಸ್ಸಿನವರೆಗೆ ಎಲ್ಲವನ್ನೂ ತೊಳೆದು ಪೂಜಿಸುತ್ತಾರೆ. ಗೋಕಾಕದ ಫ್ರೀಜರಿನ ಬಾಗಿಲಿಗೂ ಕುಂಕುಮವಿತ್ತು. ಬಾಗಿಲು ತೆಗೆದೆ. ಒಳಗೆ ಎಳ್ಳಷ್ಟೂ ಮಂಜಿನ ಪೊರೆ ಇರಲಿಲ್ಲ. ವರ್ಷಗಟ್ಟಲೆ ಓಡುವ ಫ್ರೀಜರಿನಲ್ಲಿ ಇಷ್ಟು ಚೊಕ್ಕ ಗೋಡೆ ಇರುವುದಿಲ್ಲ. ಡಬ್ಬಿಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಮಲಗಿಸಿ ಇಟ್ಟಿದ್ದರು. ಒಂದನ್ನು ತೆಗೆದು ನಳಿಕೆ ಎತ್ತಿ ಬೆಳಕಿಗೆ ಹಿಡಿದೆ.

ತಿಳಿ ತಳದಲ್ಲಿರಲಿಲ್ಲ. ನಳಿಕೆಯ ಒಂದು ಮಗ್ಗುಲಿಗೆ ಉದ್ದಕ್ಕೆ ಓರೆಯಾಗಿ ಹೆಪ್ಪುಗಟ್ಟಿತ್ತು. ನಾವು ಇಟ್ಟಾಗ ನೆಟ್ಟಗೆ ನಿಲ್ಲಿಸಿ ಇಟ್ಟದ್ದು. ಮಲಗಿಸಿದ ಮೇಲೆ ಓರೆಯಾಗಬೇಕಾದರೆ ನಡುವೆ ಅದು ನೀರಾಗಿರಬೇಕು. ಇನ್ನೊಂದು ತೆಗೆದೆ. ಅದೂ ಹಾಗೇ. ಹತ್ತು ತೆಗೆದೆ. ಎಲ್ಲವೂ ಓರೆ.

"ಕಾಕಾ, ಇದನ್ನ ಬಂದ್ ಮಾಡಿದ್ರೇನು?"

"ಮಾಡಿದ್ನೆಲ್ರಿ, ಖಂಡೇಪೂಜಿಗೆ," ಎಂದರು ಕಾಕಾ. ದನಿಯಲ್ಲಿ ಅಳುಕಿರಲಿಲ್ಲ. "ಮುಂಜಾನೆ ಸ್ವಿಚ್ ತಗದೆ. ಅಲಾರಾಂ ಹೊಯ್ಕೊಂತು, ಅದರದೂ ಬಾಯಿ ಬಂದ್ ಮಾಡಿದೆ. ಡಬ್ಬಿ ಎಲ್ಲಾ ಹೊರಗ ತಗದ, ಹಸಿ ಚೀಲ ಹೊಚ್ಚಿ ನೆರಳಾಗ ಇಟ್ಟೆ. ಒಂದೂ ಬಿಸಲಿಗೆ ಹಾಕಿಲ್ರಿ. ಒಳಗೆಲ್ಲಾ ಬೇವಿನ ಎಲಿ ನೀರ ಹಾಕಿ ತಿಕ್ಕಿ ತೊಳದ, ಒಣಾ ಅರಿವೀಲೆ ಒರಸಿ, ಸಂಜೀಮುಂದ ಪೂಜಿ ಮಾಡಿ ಚಾಲೂ ಮಾಡಿದೆ. ಈ ಸಲ ಡಬ್ಬಿ ಮಲಗಿಸಿ ಇಟ್ಟೇನಿ, ಜಗಾ ಭಾಳ ಉಳೀತು ನೋಡ್ರಿ."

"ಈ ಸಲ ಅಂದ್ರ?"

"ಮದಲೆಲ್ಲಾ ನಿಲ್ಲಿಸೇ ಇಡತಿದ್ನಿ."

"ಮದಲನೂ ತೊಳದೀರೇನು?"

"ವರ್ಷಾ ತೊಳೀತೇನ್ರಿ. ಗಿರಣಿ ಇದ್ದಾಗಿಂದ ನಮ್ಮ ರೂಢಿ. ವರ್ಷಾನಗಟ್ಲೆ ದುಡ್ಯೂ ಯಂತ್ರಕ್ಕ ಒಂದ ದಿನ ಇಸರಾಂತಿ ಕೊಡಬೇಕು, ಬಿಚ್ಚಿ ತೊಳೀಬೇಕು. ಇಲ್ಲಂದ್ರ ಅದು ಮುನಸ್ಕೋತೈತಿ. ಪುಸ್ತಕದಾಗ ಬರದೇನೆಲ್ರಿ."

ಪುಸ್ತಕ ತೆಗೆದೆ. ಆರು ವರ್ಷದ ಆರು ದಸರೆ. ಪ್ರತಿ ವರ್ಷ ಆ ಒಂದು ದಿನದ ಸಾಲಿನಲ್ಲಿ ಡಿಗ್ರಿಯ ಬದಲು ಗುಂಡಗಿನ ಅಕ್ಷರದಲ್ಲಿ "ಖಂಡೇಪೂಜೆ" ಎಂದು ಬರೆದಿತ್ತು. ಈ ಸಲದ್ದು ಬಿಟ್ಟು ಆ ಪುಟಗಳ ಕೆಳಗೆಲ್ಲ ನನ್ನ ಸಹಿ. ಅವತ್ತು ಹಬ್ಬ, ಕಾಕಾ ರಜೆಯಲ್ಲಿದ್ದಾರೆ ಎಂದುಕೊಂಡು ಸಹಿ ಹಾಕಿದ್ದೆ. ಆ ಮನುಷ್ಯ ಏನನ್ನೂ ಮುಚ್ಚಿಟ್ಟಿರಲಿಲ್ಲ. ತೊಳೆಯಬಾರದು ಎಂದು ನಾನು ಯಾವತ್ತೂ ಹೇಳಿರಲೂ ಇಲ್ಲ. ಕರಗಿದರೆ ಏನಾಗುತ್ತದೆ ಎಂದು ತಿಳಿಸಿ ಹೇಳುವ ವ್ಯವಧಾನ ನನಗಿರಲಿಲ್ಲ. ಶುಚಿಯಾಗಿಡಿ ಕಾಕಾ ಎಂದಷ್ಟೇ ಹೇಳಿ ಬಸ್ ಹಿಡಿಯುತ್ತಿದ್ದೆ.

ಕೋಣೆಯಲ್ಲಿದ್ದ ಹಳೆಯ ಗಿರಣಿ ಕಲ್ಲಿನ ಮೇಲೆ ಕುಳಿತುಬಿಟ್ಟೆ. ವರ್ಷಕ್ಕೊಮ್ಮೆ ಕರಗಿ ವರ್ಷಕ್ಕೊಮ್ಮೆ ಹೆಪ್ಪುಗಟ್ಟಿದ ರಕ್ತ ಮುದಿಯಾಗಿ ಕಾಣದೆ ಇನ್ನೇನಾದೀತು? ಹುಕ್ಕೇರಿಯವರು ಬೇಗ ಮುಪ್ಪಾಗಿರಲಿಲ್ಲ. ಅವರ ನಳಿಕೆಗಳು ಮುಪ್ಪಾಗಿದ್ದವು. ಬೆಲ್ಲದ್ದೂ ತಪ್ಪಿಲ್ಲ, ತುಪ್ಪದ್ದೂ ತಪ್ಪಿಲ್ಲ.

ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಐಸ್ ಎಷ್ಟಿದೆ ಎಂದು ಕೇಳಿದರು. ಹೇಳಿದೆ.

"ಗೋಕಾಕ, ಮೂಡಲಗಿ ಉಳಿಸಿಕೊಳ್ಳಿ," ಎಂದರು.

"ಇಲ್ಲಿನ ಜನಕ್ಕೆ ನಾನು ಊಟ ಬಿಡಿಸಿದೆನಲ್ಲ ಸರ್, ಅದಕ್ಕೇನು?"

"ಮೀಟಿಂಗ್ ಕರೆದು ಆಮೇಲೆ ಕಾಗದದ ಮೂಲಕ ತಿಳಿಸೋಣ. ಈಗ ಏನೂ ಹೇಳಬೇಡಿ." ಅವರ ದನಿಯೂ ಸೋತಿತ್ತು. ಯೋಜನೆ ಮುಗಿದಿದೆ, ಕೆಲಸದವರೆಲ್ಲ ಚದುರಿ ಹೋಗಿದ್ದಾರೆ. ಮೀಟಿಂಗಿಗೆ ಯಾರು ಬರುತ್ತಾರೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಮೂರನೆಯ ಪೆಟ್ಟಿಗೆಯಲ್ಲಿದ್ದ ಡ್ರೈ ಐಸನ್ನೆಲ್ಲ ಬಾಚಿ ಉಳಿದೆರಡಕ್ಕೆ ಸುರಿದೆ. ಹುಕ್ಕೇರಿಯ ನಳಿಕೆಗಳನ್ನು ಖಾಲಿ ಪೆಟ್ಟಿಗೆಗೆ ತುಂಬಿದೆ. ಅಡಿವೆಪ್ಪ ನನ್ನ ಮುಖ ನೋಡಿದ. "ಇದಕ್ಕ ಐಸ್ ಬ್ಯಾಡೇನ್ರಿ?" ಎಂದ. ಬೇಡ ಎಂದೆ. ದುಂಡಪ್ಪ ಕಾಕಾ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಗಿರಣಿಯವರಿಗೆ ಯಂತ್ರದ ಸದ್ದಿನಲ್ಲೇ ಕೆಟ್ಟದ್ದು ತಿಳಿಯುತ್ತದೆ.

"ನನ್ನಿಂದ ಏನರೆ ತಪ್ಪಾತೇನ್ರಿ ಬಾಯಾರ?"

ಹೇಳದೆ ಹೋಗಬಹುದಿತ್ತು. ಜೀಪು ಹತ್ತಿ ಕುಳಿತಿದ್ದರೆ ಆಯಿತು. ಆದರೆ ಅವರ ತಾಟಿನ ನೀರುಮಜ್ಜಿಗೆ ಕಣ್ಣಿಂದ ಹೋಗಲಿಲ್ಲ. ಅಂಗಳದಲ್ಲಿ ಕುಳ್ಳಿರಿಸಿ ಹೇಳಿದೆ. ತೊಳೆಯಲು ತೆಗೆದಾಗ ರಕ್ತ ಕರಗಿ ಕೆಟ್ಟಿತು, ಕೆಟ್ಟ ರಕ್ತ ಪರೀಕ್ಷೆಗೆ ಹೋಯಿತು, ಅದನ್ನು ನೋಡಿ ನಿಮ್ಮ ರಕ್ತ ಮುದಿಯಾಗಿದೆ ಎಂದೆವು, ಪುಸ್ತಕ ಸರಿಯಾಗಿ ನೋಡದ್ದು ನನ್ನ ತಪ್ಪು ಎಂದು ಹೇಳಿದೆ. ಶಾಂತವ್ವ ಪಾತ್ರೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

ಕಾಕಾ ತಲೆಯ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಆರ ವರ್ಷದ ಕೆಲಸಾ ಎಲ್ಲಾ ನಾ ತೊಳದ ಹಾಕಿದ್ನಿ ಅಂದಂಗಾತು," ಎಂದರು. ಟೋಪಿಯ ಅಂಚು ಮಡಿಚುತ್ತ ತಲೆ ಎತ್ತಿದರು. "ಹಂಗಾರ ನನ್ನ ರಕ್ತ ಮುದಿ ಆಗಿಲ್ಲ?"

"ಗೊತ್ತಿಲ್ಲ ಕಾಕಾ. ಯಾರಿಗೂ ಗೊತ್ತಿಲ್ಲ."

"ಹೋಳಿಗಿ ತಿನ್ನಬೌದೇನ್ರಿ?"

"ನಾ ಬ್ಯಾಡ ಅಂದದ್ದ ತಪ್ಪು. ತಿನ್ರಿ," ಎಂದೆ.

ಕಾಕಾ ಗಹಗಹಿಸಿ ನಕ್ಕರು. ಮನುಷ್ಯನ ಮುಖ ಅಷ್ಟು ಬೇಗ ಬದಲಾಗುವುದನ್ನು ನಾನು ನೋಡಿರಲಿಲ್ಲ. "ವೈನೀ, ಕೇಳಿದ್ರೇನು? ಒಂದ ಹೋಳಿಗಿ ತರ್ರಿ, ತುಪ್ಪಾ ಹಾಕಿ ತರ್ರಿ!" ಎಂದು ಅವರ ಕಡೆ ತಿರುಗಿದರು. ತಿರುಗಿದವರು ಹಾಗೇ ನಿಂತರು.

ಶಾಂತವ್ವ ಬೂದಿ ಮೆತ್ತಿದ ಕೈಯನ್ನೇ ನೋಡುತ್ತಿದ್ದರು.

"ಹ್ವಾದ ವರ್ಷ ಪಂಚಮೀ ದಿನ ಬೆಲ್ಲದ ಉಂಡಿ ಕಟ್ಟಿದ್ನಿ ತಂಗಿ," ಎಂದರು. ದನಿ ಮೆಲ್ಲಗಿತ್ತು. "ಮಂದಿಗೆ ಕೊಡಾಕ. ನಮ್ಮ ಮನಿಯವರು ಬಂದ ಬಾಜೂಕ ಕುಂತ್ರು. ಒಂದಕ್ಕ ಕೈ ಚಾಚಿದ್ರು. ನಾ ಕೈ ಹಿಡದ್ನಿ. ಬಾಯಾರ ಬ್ಯಾಡ ಅಂದಾರ, ಇನ್ನಾ ಭಾಳ ದಿನ ಇರಬೇಕ ನೀವು ಅಂತ ಅಂದ್ನಿ. ಎದ್ದ ಹ್ವಾದ್ರು. ಎರಡ ವಾರಕ್ಕ ತೀರಿದ್ರು."

"ತಪ್ಪು ನಿಮ್ಮದಲ್ಲ ಅಕ್ಕಾ, ನಂದು," ಎಂದೆ.

"ಖರೆ," ಎಂದರು ಅವರು. "ಆದ್ರ ಕೈ ಹಿಡದಾಕಿ ನಾ."

ಎದ್ದು ಒಳಗೆ ಹೋದರು. ಒಂದು ಹೋಳಿಗೆ ತಂದು, ತುಪ್ಪ ಹಾಕಿ, ಮೈದುನನ ಮುಂದೆ ಇಟ್ಟರು. ಇಟ್ಟು, ಮತ್ತೆ ಪಾತ್ರೆಗಳ ಮುಂದೆ ಕುಳಿತರು. ದುಂಡಪ್ಪ ಕಾಕಾ ತಲೆ ಎತ್ತದೆ ತಿಂದರು. ನಾನು ಹೋಗಿ ಬರುತ್ತೇನೆ ಎಂದಾಗ ಹೂಂ ಎಂದವರು ಅವರೊಬ್ಬರೇ.

ಹುಕ್ಕೇರಿ ಬಿಟ್ಟಾಗ ನಾಲ್ಕೂಕಾಲು. ಬೆಳಗಾವಿಗೆ ಇನ್ನು ಐವತ್ತು ಕಿಲೋಮೀಟರ್. ಯಮಕನಮರಡಿಯ ಹತ್ತಿರ ಹೆದ್ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಲಾರಿಯವರು ಬೆಂಚಿನ ಮೇಲೆ ಕಾಲು ಚಾಚಿ ಮಲಗಿದ್ದರು. ಎರಡು ಪೆಟ್ಟಿಗೆಗಳ ಮುಚ್ಚಳ ಎತ್ತಿ ನೋಡಿದೆ; ಐಸ್ ಸಾಕಷ್ಟಿತ್ತು. ಮೂರನೆಯದನ್ನೂ ತೆಗೆದೆ. ನಳಿಕೆಗಳ ಮೇಲೆ ಬೆವರು ಹನಿಗಟ್ಟಿತ್ತು. ಒಂದನ್ನು ಎತ್ತಿ ಓರೆ ಮಾಡಿದೆ. ತಿಳಿ ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ಹರಿಯಿತು. ಯಾರದೆಂದು ಚೀಟಿ ಓದಲಿಲ್ಲ, ಮತ್ತೆ ಇಟ್ಟೆ.

ಹುಕ್ಕೇರಿಯ ಪಟ್ಟಿ ಚೀಲದಲ್ಲಿತ್ತು. ತೆಗೆದು ತೊಡೆಯ ಮೇಲೆ ಹಾಸಿಕೊಂಡೆ. ನಾನು ಬಾಗಿಲು ತಟ್ಟಿ ಊಟ ಬಿಡಿಸಿದ ಮನೆಗಳ ಪಟ್ಟಿ ಅದು. ಬಸ್ಸಿನಲ್ಲಿ ಬಂದು ಮತ್ತೆ ಬಾಗಿಲು ತಟ್ಟಿ ಹೇಳಬೇಕು. ಮೊಣಕಾಲು ಇರುವಷ್ಟು ದಿನ ಹಾಗೆ ಮಾಡಬಹುದು. ಆದರೆ ಹೆಸರುಗಳ ಮುಂದೆ ಅಲ್ಲಲ್ಲಿ ನನ್ನದೇ ಕೈಯಿಂದ ಹಾಕಿದ ಗೆರೆಗಳಿದ್ದವು. ಈ ಎರಡು ವರ್ಷದಲ್ಲಿ ತೀರಿಕೊಂಡವರಿಗೆ ಹಾಕಿದ ಗೆರೆ.

"ಅಡಿವೆಪ್ಪಾ," ಎಂದೆ, ಗಾಡಿ ಮತ್ತೆ ಹೊರಟ ಮೇಲೆ. "ಬದುಕಿದ್ದವರಿಗೆ ಹೋಗಿ ಹೇಳತೇನಿ. ಸತ್ತವರ ಮನಿಯವರಿಗೆ ಏನ ಮಾಡ್ಲಿ?"

ಅವನು ಮುಂದಿನ ಟ್ರ್ಯಾಕ್ಟರನ್ನು ಹಿಂದೆ ಹಾಕಿದ, ಮೂಗಿನ ಟವೆಲ್ಲನ್ನು ಕೆಳಗೆ ಎಳೆದ.

"ಹೇಳಬ್ಯಾಡ್ರಿ ಬಾಯಾರ," ಎಂದ. "ಒಂದ ಮನಿ ಸಾಕು."

ನಾನು ಪಟ್ಟಿ ಮಡಿಚಲಿಲ್ಲ. ತೆರೆದ ಕಿಟಕಿಯ ಗಾಳಿಗೆ ಹಾರಿಹೋಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು, ಬೆಳಗಾವಿ ಬರುವವರೆಗೆ ಗೆರೆ ಹಾಕಿದ ಹೆಸರುಗಳನ್ನು ಒಂದೊಂದಾಗಿ ಓದಿದೆ. ಎಲ್ಲರ ಮನೆಗಳೂ ನೆನಪಿದ್ದವು. ಯಾರ ಮನೆಯಲ್ಲಿ ಯಾರು ಅಡುಗೆ ಮಾಡುತ್ತಿದ್ದರು ಎಂಬುದೂ ನೆನಪಿತ್ತು.